ಪ್ರಾಗ್‌ನಿಂದ ಒಂದು ದಿನ ಕುತ್ನಾ ಹೊರಾ: ಅಮ್ಮನಿಗೆ ಮೂಳೆ ಚರ್ಚ್ ಬೇಡವಂತೆ, ಆದ್ರೂ ಹೋಗೋದಾ?

ಗಾಂಧಿಬಜಾರ್_ಗಿರಾಕಿ

ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಪ್ರಾಗ್‌ನಲ್ಲಿ ನಾಲ್ಕು ದಿನ ಇರ್ತೀವಿ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅಮ್ಮ. ಅಮ್ಮನಿಗೆ 68, ಮಂಡಿ ನೋವಿದೆ. ಆದ್ರೆ ಹೋದ ವರ್ಷ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದನ್ನ ದಿನಕ್ಕೊಂದು ಸಲ ನಮಗೆ ನೆನಪಿಸ್ತಾರೆ.

ಒಂದು ದಿನ ಪ್ರಾಗ್ ಬಿಟ್ಟು ಹೊರಗೆ ಹೋಗಿ ಸಂಜೆ ವಾಪಸ್ ಬರಬೇಕು. ಹೆಂಡತಿ ಚೆಸ್ಕಿ ಕ್ರುಮ್ಲೊವ್ ಅಂತಾಳೆ, ಫೋಟೋ ನೋಡಿ ಮರುಳಾಗಿದ್ದಾಳೆ. ನನಗೆ ಕುತ್ನಾ ಹೊರಾ ಹತ್ತಿರ ಅನ್ನೋದೇ ದೊಡ್ಡ ಆಕರ್ಷಣೆ. ತೊಂದ್ರೆ ಏನಂದ್ರೆ, ಅಲ್ಲಿ ಮನುಷ್ಯರ ಮೂಳೆಯಿಂದ ಅಲಂಕಾರ ಮಾಡಿದ ಚರ್ಚ್ ಇದೆ ಅಂತ ಮಗಳು ಯೂಟ್ಯೂಬ್‌ನಲ್ಲಿ ನೋಡಿ ಅಜ್ಜಿಗೆ ವರದಿ ಒಪ್ಪಿಸಿಬಿಟ್ಟಳು. "ದುಡ್ಡು ಕೊಟ್ಟು ಸ್ಮಶಾನ ನೋಡೋಕೆ ಅಷ್ಟು ದೂರ ಹೋಗ್ಬೇಕಾ" ಅಂತ ಅಮ್ಮ ಎರಡು ದಿನದಿಂದ ಶುರು ಹಚ್ಚಿಕೊಂಡಿದ್ದಾರೆ.

ಮೂಳೆ ಚರ್ಚ್ ಬಿಟ್ರೆ ಅಲ್ಲಿ ಬೇರೆ ಏನಾದ್ರೂ ಇದೆಯಾ? ಇಲ್ಲಾ ಕ್ರುಮ್ಲೊವ್ ವಾಸಿನಾ? ಹೋಗಿ ಬಂದವರು ಹೇಳಿ.

ಕಡಲತಡಿಯವ

ಕ್ರುಮ್ಲೊವ್ ಮಾರಾಯ್ರೆ, ಕಣ್ಣು ಮುಚ್ಚಿ ಹೋಗಿ. ವ್ಲ್ತಾವಾ ನದಿ ಊರನ್ನ ಹಾವಿನ ಹಾಗೆ ಸುತ್ತಿಕೊಂಡು ಹೋಗ್ತದೆ, ಮೇಲೆ ಕೋಟೆ, ಕೆಳಗೆ ಕೆಂಪು ಹೆಂಚಿನ ಮಾಡುಗಳು. ಕೋಟೆಯ ಗೋಪುರದಿಂದ ಕೆಳಗೆ ನೋಡಿದರೆ ನಮ್ಮ ಊರಿನ ಹೆಂಚಿನ ಮನೆಗಳೇ ನೆನಪಾದವು ನನಗೆ. 1992ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಊರು. ಕುತ್ನಾ ಹೊರಾ ಸೇರಿದ್ದು ಅದಾದ ಮೇಲೆ, 1995ರಲ್ಲಿ.

ಹುಬ್ಬಳ್ಳಿ_ಹೈದ

ನಾ ಬ್ರನೋದಾಗ ಆರು ವರ್ಷದಿಂದ ಅದೀನಿ, ಅದಕ್ಕ ಹೇಳ್ತೀನಿ. ಕ್ರುಮ್ಲೊವ್ ಛಲೋ ಊರು, ಖರೇ. ಆದ್ರ ಪ್ರಾಗ್‌ದಿಂದ 170 ಕಿಲೋಮೀಟರ್ ಆಗ್ತದ. ಬಸ್ಸಿನ್ಯಾಗ ಹೋಗಾಕ ಎರಡೂವರಿ ಮೂರು ತಾಸು, ಬರಾಕ ಅಷ್ಟ. ಮಂಡಿ ನೋವಿರೋ ತಾಯಿನ್ನ ಆರು ತಾಸು ಬಸ್ಸಿನ್ಯಾಗ ಕುಂಡ್ರಿಸಿದ್ರ ಸಂಜಿಗೆ ನಿಮ್ಮನ್ನ ಬೈಯೋದು ಗ್ಯಾರಂಟಿ. ಕ್ರುಮ್ಲೊವ್‌ಗೆ ಹೋಗೋದಾದ್ರ ಒಂದ್ ರಾತ್ರಿ ಉಳೀರಿ. ಮಂದಿ ಎಲ್ಲಾ ಬಸ್ ಹತ್ತಿ ಹೋದ ಮ್ಯಾಲ, ಸಂಜಿ ಏಳರ ನಂತರ ಆ ಊರು ಊರಾಗ್ತದ.

ಕುತ್ನಾ ಹೊರಾ ರೈಲಿನ್ಯಾಗ ಒಂದ್ ತಾಸಿನ ಹಾದಿ. ಮುಂಜಾನೆ ತಿಂಡಿ ತಿಂದು ಹೊಂಟ್ರ ಸಂಜಿ ಚಾಕ್ಕ ವಾಪಸ್.

ಇನ್ನ ಕಾರ್ಲ್‌ಶ್ಟೈನ್ ಅಂತ ಒಂದೈತಿ, ನಾಲ್ಕನೇ ಚಾರ್ಲ್ಸ್ 1348ರಾಗ ಕಟ್ಟಿಸಾಕ ಸುರು ಮಾಡಿದ ಕೋಟಿ. ಇನ್ನೂ ಹತ್ರ. ಆದ್ರ ಸ್ಟೇಷನ್‌ದಿಂದ ಏರು ಹಾದಿ, ಎರಡೂ ಬಾಜೂ ಬರೇ ಸಾಮಾನಿನ ಅಂಗಡಿ. ಅರ್ಧ ದಿನಕ್ಕ ಸಾಕು.

ಸಂಶಯಪಿಶಾಚಿ

ನಾನು ಕುತ್ನಾ ಹೊರಾಕ್ಕೆ ಹೋಗಿ ನಿರಾಸೆಯಾಗಿ ಬಂದವನು. ಪ್ರಾಗ್‌ನ ಒಂದು ಟೂರ್ ಏಜೆನ್ಸಿ ಮೂಲಕ ಹೋಗಿದ್ದೆ. ಮೂಳೆ ಚರ್ಚ್‌ನಲ್ಲಿ ಇಪ್ಪತ್ತು ನಿಮಿಷ, ಊಟಕ್ಕೆ ಅವರದೇ ಪರಿಚಯದ ಹೋಟೆಲ್‌ನಲ್ಲಿ ಒಂದೂವರೆ ಗಂಟೆ, ದೊಡ್ಡ ಚರ್ಚಿನ ಮುಂದೆ ನಿಲ್ಲಿಸಿ "ಫೋಟೋ, ಫೋಟೋ" ಅಂತ ಹತ್ತು ನಿಮಿಷ, ಮತ್ತೆ ಬಸ್. ಊರು ಅಂತ ನಾನು ನೋಡಿದ್ದು ಪಾರ್ಕಿಂಗ್ ಜಾಗ ಮಾತ್ರ. ಮೂಳೆ ಚರ್ಚ್ ಒಳಗೆ ಒಂದು ಅಂಗಳದಷ್ಟು ಜಾಗ, ಅದರಲ್ಲಿ ನಾಲ್ಕು ಬಸ್ಸಿನ ಜನ. ದೇವಸ್ಥಾನದ ಗರ್ಭಗುಡಿ ಮುಂದೆ ನೂಕುನುಗ್ಗಲು ಇರುತ್ತಲ್ಲ, ಹಾಗೆ.

ಚಾಂಪಿಯನ್‌ರೀಫ್

ಸಂಶಯಪಿಶಾಚಿಗಳೇ, ಬೇಜಾರು ಮಾಡ್ಕೋಬೇಡಿ. ನೀವು ಕುತ್ನಾ ಹೊರಾ ನೋಡಿಲ್ಲ. ಕೆಜಿಎಫ್‌ಗೆ ಬಂದು ಸೈನೈಡ್ ದಿಬ್ಬದ ಮುಂದೆ ಫೋಟೋ ಹೊಡ್ಕೊಂಡು ಹೋಗೋರೂ ಹೀಗೇ, ಊರು ನೋಡಿದೆವು ಅಂತಾರೆ.

ನಾನು ಹುಟ್ಟಿ ಬೆಳೆದಿದ್ದು ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ. ಮನೆಮಾತು ತಮಿಳು, ಓದಿದ್ದು ಕನ್ನಡ ಮೀಡಿಯಂ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್. ಕುತ್ನಾ ಹೊರಾಕ್ಕೆ ನಾನು ಹೋಗಿದ್ದೇ ಅದು ಗಣಿ ಊರು ಅನ್ನೋ ಕಾರಣಕ್ಕೆ. ಹಾಗಾಗಿ ಉದ್ದ ಬರೀತೀನಿ, ಬೇಸರ ಆದ್ರೆ ಸ್ಕ್ರೋಲ್ ಮಾಡಿ ಮುಂದೆ ಹೋಗಿ.

ಆ ಊರಿನ ಮೂಲ ಮೂಳೆ ಅಲ್ಲ, ಬೆಳ್ಳಿ. ಪಕ್ಕದ ಸೆಡ್ಲೆಟ್ಸ್‌ನಲ್ಲಿ 1142ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠ ಶುರುವಾಯ್ತು. ಬೊಹೀಮಿಯಾದಲ್ಲಿ, ಅಂದ್ರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗದಲ್ಲಿ, ಆ ಪಂಥದ ಮೊದಲ ಮಠ ಅದು. ಒಬ್ಬ ಸನ್ಯಾಸಿ ದ್ರಾಕ್ಷಿ ತೋಟದಲ್ಲಿ ಮಲಗಿ ಎದ್ದಾಗ ನೆಲದಿಂದ ಬೆಳ್ಳಿಯ ಕಡ್ಡಿಗಳು ಮೊಳಕೆ ಒಡೆದಿದ್ದವಂತೆ, ಗುರುತಿಗೆ ತನ್ನ ನಿಲುವಂಗಿ ಕಳಚಿ ಅದರ ಮೇಲೆ ಹೊದಿಸಿ ಓಡಿದನಂತೆ. ಆ ನಿಲುವಂಗಿಯೇ 'ಕುತ್ನಾ', 'ಹೊರಾ' ಅಂದ್ರೆ ಬೆಟ್ಟ. ಕಥೆ ಚೆನ್ನಾಗಿದೆ, ಆದ್ರೆ ಅಗೆಯೋದಕ್ಕೆ ಅವರ ಹಳೇ ಮಾತಲ್ಲಿ 'ಕುತಾತ್' ಅಂತಾರೆ, ಹೆಸರು ಅಲ್ಲಿಂದ ಬಂದಿರೋ ಸಾಧ್ಯತೆಯೇ ಹೆಚ್ಚು. ಅಗೆಯೋರು ಊರಿಗೆ ಹೆಸರು ಕೊಡ್ತಾರೆ, ಕಥೆ ಮಾತ್ರ ಸನ್ಯಾಸಿ ಪಾಲಿಗೆ ಹೋಗುತ್ತೆ. ನಮ್ಮಲ್ಲೂ ಹಾಗೇ ಅಲ್ವಾ.

1300ರಲ್ಲಿ ಎರಡನೇ ವಾತ್ಸ್ಲಾವ್ ರಾಜ ಎರಡು ಕೆಲಸ ಮಾಡಿದ. ಗಣಿಗಾರಿಕೆಗೆ ಒಂದು ದೊಡ್ಡ ಕಾನೂನು ತಂದ, ಇಟಲಿಯಿಂದ ಪಳಗಿದವರನ್ನ ಕರೆಸಿ ಟಂಕಸಾಲೆ ಶುರುಮಾಡಿಸಿದ. ಆ ಕಟ್ಟಡಕ್ಕೆ ಇವತ್ತಿಗೂ 'ವ್ಲಾಶ್‌ಸ್ಕಿ ದ್ವೂರ್', ಅಂದ್ರೆ ಇಟಾಲಿಯನ್ನರ ಅಂಗಳ ಅಂತಲೇ ಹೆಸರು. ಅಲ್ಲಿ ಹೊಡೆದ ಪ್ರಾಗ್ ಗ್ರೋಶ್ ನಾಣ್ಯ 1547ರವರೆಗೂ ಬಂತು, ಒಂದು ಕಡೆ ಕಿರೀಟ, ಇನ್ನೊಂದು ಕಡೆ ಎರಡು ಬಾಲದ ಸಿಂಹ. 'ಹೊಡೆದ' ಅಂದ್ರೆ ನಿಜವಾಗಿಯೂ ಸುತ್ತಿಗೆಯಿಂದ ಹೊಡೆದದ್ದು, ಒಂದೊಂದನ್ನೂ ಕೈಯಲ್ಲಿ. ಪ್ರಾಗ್ ಬಿಟ್ಟರೆ ಇಡೀ ಬೊಹೀಮಿಯಾದಲ್ಲಿ ಇದೇ ದೊಡ್ಡ ಊರು ಆಗಿತ್ತು ಆಗ. ಈಗ ಇಪ್ಪತ್ತು ಸಾವಿರ ಚಿಲ್ಲರೆ ಜನ.

ಮುಂದಿನದು ಗಣಿ. ಹ್ರಾಡೆಕ್ ಅಂತ ಒಂದು ಹಳೇ ಕಟ್ಟಡದಲ್ಲಿ ಬೆಳ್ಳಿ ಮ್ಯೂಸಿಯಂ ಇದೆ. ಟಿಕೆಟ್ ತಗೊಂಡ್ರೆ ಬಿಳಿ ಕೋಟು, ಹೆಲ್ಮೆಟ್, ದೀಪ ಕೊಟ್ಟು ನೆಲದ ಕೆಳಗೆ ಕರ್ಕೊಂಡು ಹೋಗ್ತಾರೆ. ಬಿಳಿ ಕೋಟು ಯಾಕೆ ಗೊತ್ತಾ? ಕತ್ತಲಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬನಿಗೆ ಕಾಣಲಿ ಅಂತ. ಹಿಂದೆ ಸೊಂಟಕ್ಕೆ ಒಂದು ಚರ್ಮದ ತುಂಡು ಕಟ್ಟಿಕೊಳ್ಳೋರು, ಇಳಿಜಾರಲ್ಲಿ ಕೂತು ಜಾರೋಕೆ, ಒದ್ದೆ ಕಲ್ಲಿನ ಮೇಲೆ ಕೂರೋಕೆ. ನಾನು ಇಳಿದಾಗ ಒಂದು ಕಡೆ ಸುರಂಗ ಎಷ್ಟು ಇಕ್ಕಟ್ಟಾಯ್ತು ಅಂದ್ರೆ ಹೆಗಲು ಓರೆ ಮಾಡಿ ಹೋಗಬೇಕಾಯ್ತು, ಹೆಲ್ಮೆಟ್ ಮೇಲೆ ಕಲ್ಲು ಕರ್ ಅಂತ ಉಜ್ಜಿತು. ಗೋಡೆಯಲ್ಲಿ ಉಳಿ ಗುರುತು ಹಾಗೇ ಇವೆ. ಬೆರಳಿಟ್ಟರೆ ಒಂದೊಂದು ಏಟೂ ಕೈಗೆ ಸಿಗುತ್ತೆ.

ನಮ್ಮ ಗಣಿ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿದದ್ದು, ಕೇಜ್‌ನಲ್ಲಿ. ಶಿವನಸಮುದ್ರದಿಂದ ಕರೆಂಟು ಬಂದದ್ದೇ 1902ರಲ್ಲಿ. ಇವರು ಅದಕ್ಕೂ ಐದು ನೂರು ವರ್ಷ ಹಿಂದೆ ಏಣಿ ಹಾಕ್ಕೊಂಡು, ಎಣ್ಣೆ ದೀಪ ಹಿಡ್ಕೊಂಡು ಇಳಿದೋರು. ಇಲ್ಲಿನ 'ಓಸೆಲ್', ಅಂದ್ರೆ ಕತ್ತೆ ಅಂತ ಹೆಸರಿನ ಗಣಿ ಸುಮಾರು 500 ಮೀಟರ್ ಆಳ ಹೋಗಿತ್ತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಆಳದವುಗಳಲ್ಲಿ ಒಂದು. ಪ್ರವಾಸಿಗಳನ್ನ ಅಷ್ಟು ಕೆಳಗೆ ಬಿಡಲ್ಲ, ನಾವು ನೋಡೋದು ಮೇಲಿನ ಒಂದು ತುಣುಕು ಮಾತ್ರ.

ಅಪ್ಪ ಹೇಳ್ತಿದ್ದ ಒಂದು ಮಾತು ಅಲ್ಲಿ ಅರ್ಥ ಆಯ್ತು: ಕೆಳಗೆ ಹೋದವನಿಗೆ ಮೊದಲು ಮರೆತುಹೋಗೋದು ಹೊತ್ತು. ಅವರಿಗೆ ದೀಪದ ಎಣ್ಣೆಯೇ ಗಡಿಯಾರ ಆಗಿತ್ತಂತೆ. ನಮಗೆ ಸೈರನ್ ಇತ್ತು. 2001ರ ಫೆಬ್ರವರಿ 28ರವರೆಗೆ.

ಗಾಂಧಿಬಜಾರ್_ಗಿರಾಕಿ

ಚಾಂಪಿಯನ್‌ರೀಫ್ ಅವರೇ, ಇದನ್ನ ಅಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದ್ರು. ಕೊನೆಗೆ "ಪಾಪ, ಅವರಪ್ಪ ಇದ್ದಾರಂತಾ?" ಅಂತ ಕೇಳಿದ್ರು.

ಚಾಂಪಿಯನ್‌ರೀಫ್

ಇಲ್ಲ, ಹೋಗಿ ಹನ್ನೊಂದು ವರ್ಷ ಆಯ್ತು. ಅಮ್ಮನಿಗೆ ನಮಸ್ಕಾರ ಹೇಳಿ.

ಕಡಲತಡಿಯವ

ಸರಿ, ಸೋತೆ. ಆದರೂ ನಾನು ಕೇಳ್ತೇನೆ: ಮೂಳೆ ಚರ್ಚಿಗೆ ಹೋಗೋದು ಸರಿಯಾ? ನಾನು ಹೋದವನೇ, ಆದ್ರೆ ಹೊರಗೆ ಬಂದ ಮೇಲೆ ಮನಸ್ಸಿಗೆ ಒಂಥರಾ ಆಯ್ತು. ನಮ್ಮಲ್ಲಿ ಅಸ್ಥಿ ಅಂದ್ರೆ ನೀರಿಗೆ ಬಿಟ್ಟು ಕೈ ತೊಳೆದುಕೊಳ್ಳೋದು. ಅವರು ಅದರಲ್ಲಿ ಗೊಂಚಲು ದೀಪ ಮಾಡಿ ನೇತುಹಾಕಿದ್ದಾರೆ.

ಹುಬ್ಬಳ್ಳಿ_ಹೈದ

ನಮ್ಮ ಕಣ್ಣಿಲೆ ನೋಡಿದ್ರ ಹಂಗ ಅನಸ್ತದ. ಅವರ ಕಥಿ ಕೇಳ್ರಿ. 1278ರಾಗ ಸೆಡ್ಲೆಟ್ಸ್ ಮಠದ ಹಿರಿಯನ್ನ ರಾಜ ಎರಡನೇ ಒತಕಾರ್ ಜೆರುಸಲೇಮ್‌ಗೆ ಕಳಿಸಿದ್ದ. ಆತ ಬರಬೇಕಾದ್ರ ಏಸುನ ಶಿಲುಬಿಗೆ ಏರಿಸಿದ ಗೊಲ್ಗೊಥಾದಿಂದ ಒಂದ್ ಹಿಡಿ ಮಣ್ಣು ತಂದು ಇಲ್ಲಿ ಸ್ಮಶಾನದಾಗ ಹಾಕಿದ. ಅಷ್ಟ, ಇಲ್ಲಿ ಮಣ್ಣಾದ್ರ ಪುಣ್ಯ ಅಂತ ದೂರದೂರದ ಮಂದಿ ಬಂದ್ರು. ಕಾಶಿಗೆ ಹೋಗಿ ಪ್ರಾಣ ಬಿಡ್ತಾರಲ್ಲ, ಅದ ವಿಚಾರ. ಆಮ್ಯಾಲ 1348ರ ಸುಮಾರಿನ ಪ್ಲೇಗು, ಮುಂದ ಹುಸ್ಸೈಟರ, ಅಂದ್ರ ಧರ್ಮಸುಧಾರಕ ಯಾನ್ ಹುಸ್‌ನ ಹಿಂಬಾಲಕರ, ಯುದ್ಧ. ಜಾಗ ಸಾಲದ ಆತು, ಹಳೇ ಎಲುಬು ತಗದು ಒಟ್ಟಿದ್ರು. ಕಡಿಮಿ ಅಂದ್ರೂ ನಲವತ್ತು ಸಾವಿರ ಮಂದೀವು ಅಂತಾರ.

ಈಗ ಕಾಣೋ ಅಲಂಕಾರ ಹಳೇದಲ್ಲ. 1870ರಾಗ ಫ್ರಾಂಟಿಶೆಕ್ ರಿಂಟ್ ಅಂತ ಒಬ್ಬ ಬಡಿಗ್ಯಾ, ಕಟ್ಟಗಿ ಕೆತ್ತನಿ ಮಾಡಾಂವ, ಶ್ವಾರ್ಜೆನ್‌ಬರ್ಗ್ ಮನೆತನದ ಹೇಳಿಕಿ ಮ್ಯಾಲ ಮಾಡಿದ್ದು. ಗೊಂಚಲ ದೀಪದಾಗ ಮನಷ್ಯಾನ ಮೈಯಾಗಿನ ಒಂದೊಂದು ಎಲುಬೂ ಒಂದರ ಐತಿ ಅಂತಾರ. ಮೆಟ್ಟಲ ಹತ್ರ ಗ್ವಾಡಿ ಮ್ಯಾಲ ತನ್ನ ಹೆಸರೂ ಎಲುಬಿಲೇ ಬರದಾನ ಪುಣ್ಯಾತ್ಮ!

ಚಾಂಪಿಯನ್‌ರೀಫ್

ನನಗೆ ಎಲುಬಿನ ರಾಶಿ ತೊಂದ್ರೆ ಕೊಡಲಿಲ್ಲ. ತೊಂದ್ರೆ ಕೊಟ್ಟಿದ್ದು ಆ ಶ್ವಾರ್ಜೆನ್‌ಬರ್ಗ್ ಲಾಂಛನ. ಅದನ್ನೂ ಮೂಳೆಯಲ್ಲೇ ಮಾಡಿದ್ದಾರೆ. ಅದರ ಒಂದು ಮೂಲೆಯಲ್ಲಿ ಕಾಗೆ ಒಂದು ತುರ್ಕಿಯವನ ತಲೆಯ ಕಣ್ಣು ಕುಕ್ಕುತ್ತಿದೆ. 1598ರಲ್ಲಿ ಆ ಮನೆತನದವನು ತುರ್ಕರಿಂದ ಒಂದು ಕೋಟೆ ಗೆದ್ದದ್ದರ ನೆನಪಂತೆ. ಸ್ವರ್ಗದ ಆಸೆಗೆ ಬಂದು ಮಲಗಿದ ಬಡವರ ಮೂಳೆ ತಗೊಂಡು ಜಮೀನ್ದಾರರ ಮೆರವಣಿಗೆ ಬೋರ್ಡ್ ಮಾಡಿದ ಹಾಗಿದೆ. ರಿಂಟ್ ಕಸುಬು ಅದ್ಭುತ, ಒಪ್ತೀನಿ. ಅವನಿಗೆ ಆರ್ಡರ್ ಕೊಟ್ಟವರ ಅಭಿರುಚಿ ಮಾತ್ರ ನನಗೆ ಹಿಡಿಸಲಿಲ್ಲ.

ಒಂದು ಒಳ್ಳೇದು ಅಂದ್ರೆ 2020ರಿಂದ ಒಳಗೆ ಫೋಟೋ ನಿಷೇಧ. ಅದಕ್ಕೂ ಮುಂಚೆ ತಲೆಬುರುಡೆಗೆ ಕನ್ನಡಕ ಹಾಕಿ ಸೆಲ್ಫಿ ತಗೊಳ್ಳೋರಂತೆ. ಈಗ ಜನ ಕಣ್ಣಿಂದ ನೋಡ್ತಾರೆ, ಮೆಲ್ಲಗೆ ಮಾತಾಡ್ತಾರೆ.

ಸಂಶಯಪಿಶಾಚಿ

ಅಂದ್ರೆ ಮೂರು ಸಾವಿರ ಕಿಲೋಮೀಟರ್ ಆಚೆಯಿಂದ ಹೋದ ನಮ್ಮೂರ ಹುಡುಗರೂ ಆ ಸೆಲ್ಫಿ ಪಟ್ಟಿಯಲ್ಲಿ ಇದ್ದರು ಅಂತ ಇಟ್ಕೊಳ್ಳಿ.

ಹುಬ್ಬಳ್ಳಿ_ಹೈದ

ಮೂರು ಸಾವಿರ ಅಲ್ಲೋ ಮಾರಾಯಾ, ಅದರ ದುಪ್ಪಟ್ಟಿಗಿಂತ ಹೆಚ್ಚು ಐತಿ. ನಿಮಗ ಲೆಕ್ಕ ಹೇಳಿಕೊಟ್ಟ ಮಾಸ್ತರ ಯಾರು?

ಗಾಂಧಿಬಜಾರ್_ಗಿರಾಕಿ

ಕುತ್ನಾ ಹೊರಾ ಅಂತಲೇ ತೀರ್ಮಾನ ಆಯ್ತು. ಹೆಂಡತಿಗೆ "ಮುಂದಿನ ಸಲ ಕ್ರುಮ್ಲೊವ್, ಒಂದು ರಾತ್ರಿ ಉಳಿಯೋಣ" ಅಂತ ಮಾತು ಕೊಟ್ಟಿದ್ದೀನಿ, ಇಲ್ಲಿ ಸಾಕ್ಷಿ ಇರಲಿ. ಈಗ ರೈಲಿನ ವಿಷಯ ಯಾರಾದ್ರೂ ಬಿಡಿಸಿ ಹೇಳಿ. ಆ ಊರಲ್ಲಿ ಮೂರು ಸ್ಟೇಷನ್ ತೋರಿಸ್ತಿದೆ.

ಹುಬ್ಬಳ್ಳಿ_ಹೈದ

ಹೌದು, ಇಲ್ಲೇ ಎಲ್ಲಾರೂ ಮುಗ್ಗರಿಸೋದು. ಸಮಾಧಾನದಿಂದ ಓದ್ರಿ.

ಪ್ರಾಗ್‌ದಾಗ ಮುಖ್ಯ ಸ್ಟೇಷನ್ 'ಹ್ಲಾವ್ನಿ ನಾದ್ರಾಜಿ'. ಬೋರ್ಡಿನ್ಯಾಗ ಕುತ್ನಾ ಹೊರಾ ಅಂತ ಹುಡುಕಬ್ಯಾಡ್ರಿ, ರೈಲು ಅಲ್ಲಿಗೆ ಮುಗಿಯಂಗಿಲ್ಲ, ಮುಂದ ಹೋಗ್ತದ. ಬ್ರನೋ ಅಂತ ದೊಡ್ಡದಾಗಿ ಇರ್ತದ, ಕುತ್ನಾ ಹೊರಾ ನಡುವಿನ ಊರುಗಳ ಸಣ್ಣ ಅಕ್ಷರದಾಗ. ಹಂಗಂತ ಬ್ರನೋ ಅಂತ ಬರದ ಎಲ್ಲಾ ರೈಲೂ ಈ ಹಾದಿ ಹಿಡಿಯಂಗಿಲ್ಲ, ಜ್ವಾಕಿ, ಹಾವ್ಲಿಚ್ಕೂವ್ ಬ್ರೋದ್ ಮ್ಯಾಲಿಂದ ಹೋಗೋದು ಬೇಕು. ರೈಲ್ವೆ ಆ್ಯಪ್‌ನಾಗ ರೈಲಿನ ನಂಬರ್ ನೋಡಿಕೊಂಡು ಅದನ್ನ ಬೋರ್ಡಿನ್ಯಾಗ ಹುಡುಕ್ರಿ. ನೇರ ರೈಲು ಇಲ್ಲದ ಹೊತ್ತಿಗೆ ಕೊಲೀನ್‌ದಾಗ ಇಳದು ಬದಲಿ ಮಾಡಬೇಕು. ಪ್ಲಾಟ್‌ಫಾರ್ಮ್ ನಂಬರ್ ರೈಲು ಬರೋ ಸ್ವಲ್ಪ ಮೊದಲ ಬೋರ್ಡಿನ್ಯಾಗ ಬೀಳ್ತದ. ಎಲ್ಲಾರೂ ಮುಖ ಮ್ಯಾಲೆ ಮಾಡಿ ನಿಂತಿರ್ತಾರ, ನೀವೂ ನಿಲ್ರಿ. ಗಾಬರಿ ಆಗಬ್ಯಾಡ್ರಿ.

ಕುತ್ನಾ ಹೊರಾದ ಮುಖ್ಯ ಸ್ಟೇಷನ್ ಊರಿನ್ಯಾಗ ಇಲ್ಲ! ಊರು ಅಲ್ಲಿಂದ ಮೂರು ಕಿಲೋಮೀಟರ್. ಆದ್ರ ಸೆಡ್ಲೆಟ್ಸ್, ಅಂದ್ರ ಮೂಳಿ ಚರ್ಚ್ ಇರೋ ಭಾಗ, ಹತ್ತು ಹದಿನೈದು ನಿಮಿಷದ ನಡಿಗಿ. ಅದಕ್ಕ ಮೊದಲು ಸೆಡ್ಲೆಟ್ಸ್ ಮುಗಿಸಿ ಆಮ್ಯಾಲ ಊರಿಗೆ ಹೋಗ್ರಿ. ಮುಖ್ಯ ಸ್ಟೇಷನ್‌ದಿಂದ ಒಂದ ಡಬ್ಬಿ ಇರೋ ಸಣ್ಣ ರೈಲು ಸೆಡ್ಲೆಟ್ಸ್ ಮ್ಯಾಲ ಹಾಯ್ದು 'ಮ್ಯೆಸ್ತೊ' ಅನ್ನೋ ಊರಿನ ಸ್ಟೇಷನ್‌ಗೆ ಹೋಗ್ತದ. ಟಿಕೆಟ್ ತಗೋಬೇಕಾದ್ರ ಪ್ರಾಗ್‌ದಾಗೇ 'ಮ್ಯೆಸ್ತೊ' ತನಕ ತಗೋರಿ, ತಾಯಿಗೆ ನಡಿಯೋದು ಉಳೀತದ. ಸಿಟಿ ಬಸ್ಸೂ ಅದಾವ.

ಮತ್ತ, ಮೂಳಿ ಚರ್ಚಿನ ಬಾಗಿಲದಾಗ ಟಿಕೆಟ್ ಕೊಡಂಗಿಲ್ಲ. ಅಲ್ಲೇ ಸಮೀಪ ದೊಡ್ಡ ಕೆಥೆಡ್ರಲ್ ಹತ್ರ ಒಂದು ಮಾಹಿತಿ ಕೇಂದ್ರ ಐತಿ, ಅಲ್ಲಿ ತಗೊಂಡು ಬರಬೇಕು. ನಾ ಮೊದಲ ಸಲ ಹೋದಾಗ ಸಾಲಿನ್ಯಾಗ ನಿಂತು ಬಾಗಿಲ ತನಕ ಹೋಗಿ ವಾಪಸ್ ಬಂದಾಂವ.

ಮೊಸರನ್ನ_ಪ್ರಿಯೆ

ಸಸ್ಯಾಹಾರಿಗಳಿದ್ದರೆ ಊಟದ ಬಗ್ಗೆ ಎರಡು ಮಾತು. ಮೆನುವಿನಲ್ಲಿ 'ಬೆಜ್ ಮಾಸಾ' ಅಂತಿದ್ದರೆ ಮಾಂಸ ಇಲ್ಲ ಅಂತ. ಆದರೂ "ಹ್ಯಾಮ್ ಇದೆಯಾ" ಅಂತ ಪ್ರತ್ಯೇಕ ಕೇಳಿ, ಹಳೇ ಕಾಲದ ಅಡುಗೆಯವರಿಗೆ ಹ್ಯಾಮ್ ಮಾಂಸದ ಲೆಕ್ಕಕ್ಕೇ ಬರಲ್ಲ. 'ಸ್ಮಜೆನಿ ಸೀರ್' ಅಂದ್ರೆ ಚೀಸ್‌ನ ದಪ್ಪ ತುಂಡನ್ನ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಮೇಲೆ ಟಾರ್ಟರ್ ಸಾಸ್. ಎರಡರಲ್ಲೂ ಮೊಟ್ಟೆ ಇರುತ್ತೆ, ಮೊಟ್ಟೆ ತಿನ್ನದವರು ಎಚ್ಚರ. 'ಬ್ರಾಂಬೊರಾಕ್' ಆಲೂಗಡ್ಡೆ ದೋಸೆ, ಬೆಳ್ಳುಳ್ಳಿ ಘಂ ಅನ್ನುತ್ತೆ. ಅದಕ್ಕೂ ಹಿಟ್ಟಿನಲ್ಲಿ ಮೊಟ್ಟೆ ಹಾಕೋದುಂಟು. ಹಣ್ಣು ತುಂಬಿದ ಕ್ನೆಡ್ಲಿಕಿ ಕಡುಬಿನಂಥದ್ದು, ಮೇಲೆ ಬೆಣ್ಣೆ, ಸಕ್ಕರೆ. ನನ್ನ ಮಗ ಅದನ್ನೇ ಊಟ ಅಂತ ತಿಂದ.

ಅಮ್ಮನಿಗಾದರೆ ಯಾವುದಾದರೂ ಸೂಪರ್‌ಮಾರ್ಕೆಟ್‌ನಲ್ಲಿ 'ಬೀಲೀ ಯೋಗುರ್ತ್' ಅಂತ ಕೇಳಿ. ಅಚ್ಚ ಬಿಳಿ ಮೊಸರು, ಸಕ್ಕರೆ ಇಲ್ಲ. ಹಿಂದಿನ ದಿನವೇ ಅನ್ನ ಮಾಡಿ ಡಬ್ಬಿಗೆ ಕಟ್ಟಿಕೊಂಡು ಹೋಗಿ. ನಾನು ಬಾರ್ಬರಾ ಚರ್ಚಿನ ಕೆಳಗಿನ ಬೆಂಚಿನ ಮೇಲೆ ಕೂತು ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ ತಿಂದಿದ್ದೀನಿ. ಯಾರೂ ಏನೂ ಅನ್ನಲಿಲ್ಲ, ಒಂದು ನಾಯಿ ಮಾತ್ರ ಬಹಳ ಹೊತ್ತು ನೋಡ್ತಾ ನಿಂತಿತ್ತು.

ದುಡ್ಡು ಯೂರೋ ಅಲ್ಲ, ಕೊರುನಾ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಂಡಿರಿ.

ಕಡಲತಡಿಯವ

ಆ ಬಾರ್ಬರಾ ಚರ್ಚಿನ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ವಲ್ಲ!

ಚಾಂಪಿಯನ್‌ರೀಫ್

ಅದಕ್ಕೇ ಬರ್ತಿದ್ದೆ. ಬಾರ್ಬರಾ ಅಂದ್ರೆ ಗಣಿಯವರ ಪಾಲಿನ ಸಂತ ಮಹಿಳೆ. ಸಿಡಿತ, ಬೆಂಕಿ, ಅಚಾನಕ್ ಸಾವು, ಇವುಗಳಿಂದ ಕಾಯೋಳು. 1388ರಲ್ಲಿ ಕಟ್ಟೋಕೆ ಶುರು, ಮುಗಿದದ್ದು 1905ರಲ್ಲಿ. ಬೆಳ್ಳಿ ಸಿಕ್ಕಾಗ ಕಟ್ಟಿದ್ರು, ಯುದ್ಧ ಬಂದಾಗ ನಿಲ್ಲಿಸಿದ್ರು, ಗಣಿಗೆ ನೀರು ನುಗ್ಗಿ ಬೆಳ್ಳಿ ಕಡಿಮೆ ಆದಾಗ ಒಂದು ಗೋಡೆ ಅಡ್ಡ ಹಾಕಿ ಅಷ್ಟಕ್ಕೇ ಬಿಟ್ಟರು. ಶುರು ಮಾಡಿದವನು ಯಾನ್ ಪಾರ್ಲೆರ್ ಅಂತ ನಂಬಿಕೆ. ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಕೈ ಹಾಕಿದ ಪೀಟರ್ ಪಾರ್ಲೆರ್ ಇದ್ದಾನಲ್ಲ, ಅವನ ಮಗ. ಮುಂದೆ ಮಾತ್ಯೆಯ್ ರೈಸೆಕ್, ಬೆನೆಡಿಕ್ಟ್ ರೀಡ್. ರೀಡ್ ಮಾಡಿದ ಒಳಮಾಳಿಗೆ ನೋಡಿ ತಲೆ ಎತ್ತಿದವನು ಇಳಿಸೋದು ಮರೀತಾನೆ, ಕಲ್ಲಿನ ಪಕಳೆಗಳು ಒಂದಕ್ಕೊಂದು ಹೆಣೆದ ಹಾಗಿದೆ. ಹೊರಗಿನಿಂದ ನೋಡಿದ್ರೆ ಛಾವಣಿ ಮೂರು ಡೇರೆ ಹೊಡೆದ ಹಾಗೆ.

ನನಗೆ ಇಷ್ಟ ಆದ ವಿಷಯ ಬೇರೆ. ಇದನ್ನ ರಾಜ ಕಟ್ಟಿಸಲಿಲ್ಲ. ಊರವರು, ಬೆಳ್ಳಿಯಲ್ಲಿ ದುಡ್ಡು ಮಾಡಿದವರು ಕಟ್ಟಿಸಿದ್ದು. ಸೆಡ್ಲೆಟ್ಸ್ ಮಠದವರ ಹಿಡಿತ ಅವರಿಗೆ ಸಾಕಾಗಿತ್ತು, ಅದಕ್ಕೇ ಮಠದ ಅಧಿಕಾರ ನಡೆಯದ ಜಾಗ ನೋಡಿ, ಊರ ಗೋಡೆಯಿಂದ ಹೊರಗೆ ಕಟ್ಟಿದ್ರು. ಒಳಗೆ ಗೋಡೆ ಚಿತ್ರಗಳಲ್ಲಿ ನಾಣ್ಯ ಹೊಡೆಯೋರಿದ್ದಾರೆ, ರಾಟೆ ತಿರುಗಿಸೋರಿದ್ದಾರೆ. ದೇವರ ಮನೆಯಲ್ಲಿ ಕೂಲಿಯವನ ಚಿತ್ರ! ಬಿಳಿ ಕೋಟು, ಕೈಯಲ್ಲಿ ದೀಪ ಹಿಡಿದ ಗಣಿಯವನ ಪ್ರತಿಮೆ ಒಂದು ನಿಂತಿದೆ. ನಾನು ಅದರ ಮುಂದೆ ಬಹಳ ಹೊತ್ತು ಇದ್ದೆ.

ಅಲ್ಲಿಂದ ಊರಿಗೆ ಬರೋ ದಾರಿಯಲ್ಲಿ ಜೆಸ್ವಿಟರ ಹಳೇ ಕಾಲೇಜು, ಎದುರಿಗೆ ಸಂತರ ಪ್ರತಿಮೆಗಳ ಸಾಲು, ಕೆಳಗೆ ಕಣಿವೆ. ಊರ ಮಧ್ಯೆ ಹನ್ನೆರಡು ಮುಖದ ಕಲ್ಲಿನ ನೀರಿನ ತೊಟ್ಟಿ ಇದೆ, 1495ರದ್ದು. ಕಾರಂಜಿ ಅಂತ ಸುಂದರವಾಗಿ ಫೋಟೋ ತೆಗೀತಾರೆ, ಆದ್ರೆ ಅದರ ಕಥೆ ಕಹಿ. ಅಗೆದು ಅಗೆದು ಊರಿನ ಅಂತರ್ಜಲ ಕೆಟ್ಟಿತ್ತು, ದೂರದಿಂದ ನೀರು ತಂದು ತುಂಬಿಸಬೇಕಾಯ್ತು. ಕೆಜಿಎಫ್‌ನಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ನನ್ನಮ್ಮನಿಗೆ ಆ ತೊಟ್ಟಿ ಯಾಕೆ ಕಟ್ಟಿದ್ರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಸಂಶಯಪಿಶಾಚಿ

ಇಷ್ಟು ಇದ್ದ ಊರಲ್ಲಿ ನನಗೆ ತೋರಿಸಿದ್ದು ಪಾರ್ಕಿಂಗ್. ಆ ಏಜೆನ್ಸಿಗೆ ಈಗ ಮತ್ತೊಂದು ಮೇಲ್ ಬರೀತೀನಿ.

ಅಂದಹಾಗೆ ಇತಿಹಾಸ ಓದಿದವರು ಒಂದು ಹೇಳಿ. ಯಾನ್ ಹುಸ್‌ಗೂ ಈ ಊರಿಗೂ ಏನೋ ಸಂಬಂಧ ಇತ್ತಲ್ಲ?

ಹುಬ್ಬಳ್ಳಿ_ಹೈದ

1409ರ ಕುತ್ನಾ ಹೊರಾ ಆಜ್ಞೆ. ನಾಲ್ಕನೇ ವಾತ್ಸ್ಲಾವ್ ರಾಜ ಇಲ್ಲೇ ಸಹಿ ಹಾಕಿದ್ದು. ಪ್ರಾಗ್ ವಿಶ್ವವಿದ್ಯಾಲಯದಾಗ ಚೆಕ್ ಮಂದಿಗೆ ಮೂರು ಮತ, ಉಳಿದವರೆಲ್ಲಾ ಕೂಡಿ ಒಂದು ಮತ. ಜರ್ಮನ್ ಪ್ರಾಧ್ಯಾಪಕರು, ಹುಡುಗರು ಸಿಟ್ಟಾಗಿ ಗಂಟುಮೂಟಿ ಕಟ್ಟಿ ಹೋದ್ರು, ಲೈಪ್‌ಜಿಗ್ ವಿಶ್ವವಿದ್ಯಾಲಯ ಹುಟ್ಟಿದ್ದು ಹಂಗ. ಹುಸ್‌ನ ಪಂಗಡಕ್ಕ ಅದು ಗೆಲುವು. ಆದ್ರ ಕುತ್ನಾ ಹೊರಾದ ಗಣಿ ಮಂದಿ ಹೆಚ್ಚಿನಾಂಶ ಜರ್ಮನ್ ಕ್ಯಾಥೊಲಿಕ್. ಮುಂದ ಯುದ್ಧ ಸುರು ಆದಾಗ ಹುಸ್ಸೈಟರನ್ನ ಹಿಡದು ಗಣಿ ಬಾವಿಗೆ ಒಗದ್ರು, ಜೀವಂತ ಇದ್ದವರನ್ನೂ. 1421ರಾಗ ಹುಸ್ಸೈಟರು ಬಂದು ಸೆಡ್ಲೆಟ್ಸ್ ಮಠ ಸುಟ್ರು. ಯಾರೂ ಸಾಚಾ ಇಲ್ಲ.

ಆ ಮಠದ ಸುಟ್ಟ ಕೆಥೆಡ್ರಲ್ ಆಮ್ಯಾಲ ಸುಮಾರು ಮೂರು ನೂರು ವರ್ಷ ಹಾಳು ಬಿದ್ದಿತ್ತು. 1700ರ ನಂತರ ಸಾಂತಿನಿ ಅನ್ನೋ ವಾಸ್ತುಶಿಲ್ಪಿ ಎಬ್ಬಿಸಿದ. ಮೂಳಿ ಚರ್ಚಿಗೆ ಓಡೋ ಮಂದಿ ಇದನ್ನ ಬಿಟ್ಟ ಹೋಗ್ತಾರ, ಟಿಕೆಟ್ ಕೂಡಿಸೇ ತಗೊಂಡಿರ್ತಾರ, ಆದ್ರೂ! ಒಳಗ ಬೆಳಕ ಬೆಳಕು. ಪಕ್ಕದ ಮಠದ ಕಟ್ಟಡ ಏನಾಗೇತಿ ಗೊತ್ತದನೂ? ತಂಬಾಕಿನ ಫ್ಯಾಕ್ಟರಿ. 1812ರಿಂದ.

ಗಾಂಧಿಬಜಾರ್_ಗಿರಾಕಿ

*(ಐದು ವಾರದ ನಂತರ)*

ಹೋಗಿ ಬಂದ್ವಿ. ಮಾತು ಕೊಟ್ಟಂತೆ ವರದಿ.

ಮಂಗಳವಾರ ಹೋಗಿದ್ದು. ಸೋಮವಾರ ಗಣಿ ಮ್ಯೂಸಿಯಂ ರಜೆ, ಅದನ್ನ ನಾನೇ ಕೊನೇ ಗಳಿಗೆಯಲ್ಲಿ ನೋಡಿದ್ದು. ಇಲ್ಲಿ ಯಾರೂ ಹೇಳಿರಲಿಲ್ಲ ನೋಡಿ! ಪ್ರಾಗ್ ಸ್ಟೇಷನ್‌ನಲ್ಲಿ ಎಲ್ಲರ ಹಾಗೆ ಮುಖ ಮೇಲೆ ಮಾಡಿ ನಿಂತ್ವಿ. ನಂಬರ್ ಬಿದ್ದ ತಕ್ಷಣ ಅಮ್ಮನೇ ನಮ್ಮೆಲ್ಲರಿಗಿಂತ ಮುಂದೆ ಹೊರಟಿದ್ದು.

ಸೆಡ್ಲೆಟ್ಸ್‌ನಲ್ಲಿ ಅಮ್ಮ ಹಟ ಹಿಡಿದ್ರು, ಒಳಗೆ ಬರಲ್ಲ ಅಂತ. ಸರಿ, ಹೊರಗೆ ಬೆಂಚಿನ ಮೇಲೆ ಕೂರಿಸಿ ನಾವು ಮೂವರು ಹೋದ್ವಿ. ಯಾರೂ ಯೋಚನೆ ಮಾಡಿರದ ವಿಷಯ ಅಂದ್ರೆ, ಆ ಚರ್ಚಿನ ಸುತ್ತ ಇರೋದೇ ಸ್ಮಶಾನ. ಇವತ್ತಿಗೂ ಬಳಕೆಯಲ್ಲಿರೋದು. ಮೂಳೆ ಬೇಡ ಅಂದ ಅಮ್ಮ ಸಮಾಧಿಗಳ ಮಧ್ಯೆ ಕೂತಿದ್ದಾರೆ! ನಾವು ಹೊರಗೆ ಬಂದಾಗ ಬೆಂಚಿನಲ್ಲಿ ಇಲ್ಲ. ಎದೆ ಧಸಕ್ ಅಂತು. ನೋಡಿದ್ರೆ ಸ್ವಲ್ಪ ಆಚೆ, ಅವರಷ್ಟೇ ವಯಸ್ಸಿನ ಒಬ್ಬ ಹೆಂಗಸು ಒಂದು ಸಮಾಧಿ ಕಲ್ಲು ತೊಳೀತಿದ್ದಾರೆ, ಅಮ್ಮ ಹಸಿರು ಪ್ಲಾಸ್ಟಿಕ್ ಕ್ಯಾನ್ ಹಿಡಿದು ನೀರು ಹುಯ್ಯುತ್ತಿದ್ದಾರೆ. ಇಬ್ಬರ ನಡುವೆ ಒಂದು ಮಾತಿಲ್ಲ. ಆಕೆ ಕೊನೆಗೆ ಸೇವಂತಿಗೆ ಥರದ ಹೂವಿನ ಕುಂಡ ಇಟ್ಟು, ಅಮ್ಮನ ಕೈ ಒತ್ತಿ ಏನೋ ಅಂದ್ರು. "ಗಂಡನದ್ದಿರಬೇಕು ಕಣೋ" ಅಂದ್ರು ಅಮ್ಮ. ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನಮ್ಮಪ್ಪ ಹೋಗಿ ಮೂರು ವರ್ಷ.

ರಾತ್ರಿ ಹೋಟೆಲ್‌ಗೆ ಬಂದ ಮೇಲೆ ಎಲ್ಲರಿಗೂ ತಲೆಗೆ ಸ್ನಾನ ಕಡ್ಡಾಯ ಮಾಡಿದ್ರು, ಅದು ಬೇರೆ ವಿಷಯ.

ಗಣಿಗೆ ನಾನು, ಮಗಳು ಇಳಿದ್ವಿ. ಕೆಳಗೆ ಥಂಡಿ, 12 ಡಿಗ್ರಿ ಆಸುಪಾಸು, ಸ್ವೆಟರ್ ಬೇಕೇ ಬೇಕು. ಬಿಳಿ ಕೋಟು ಮಗಳಿಗೆ ಪಾದದವರೆಗೆ ಬಂತು. ಒಂದು ಕಡೆ ಗೈಡ್ ಎಲ್ಲರ ದೀಪ ಆರಿಸೋಕೆ ಹೇಳಿದ್ಲು. ಅಂಥ ಕತ್ತಲೆ ನಾನು ನೋಡಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಮಗಳು ನನ್ನ ಕೋಟಿನ ತುದಿ ಹಿಡ್ಕೊಂಡು "ಅಪ್ಪಾ, ಕೋಟು ಬಿಳೀದಾದ್ರೂ ಕಾಣಲ್ವಲ್ಲ" ಅಂದ್ಲು. ದೀಪ ಇಲ್ಲದಿದ್ರೆ ಬಿಳಿಯೂ ಕಾಣಲ್ಲ ಅನ್ನೋದು ನನಗೂ ಅಲ್ಲೇ ಹೊಳೆದಿದ್ದು.

ಗಾಬರಿ ಸ್ವಭಾವದವರು, ದಪ್ಪ ಇರೋರು ಎರಡು ಸಲ ಯೋಚಿಸಿ. ನಮ್ಮ ಗುಂಪಿನ ಒಬ್ಬರು ಇಕ್ಕಟ್ಟಿನ ಜಾಗಕ್ಕೆ ಬಂದಾಗ ಬೆವರಿಬಿಟ್ಟರು, ಗೈಡ್ ಕೈ ಹಿಡಿದು ದಾಟಿಸಬೇಕಾಯ್ತು.

ಬಾರ್ಬರಾ ಚರ್ಚಿನಲ್ಲಿ ಅಮ್ಮ ಗಣಿಯವನ ಪ್ರತಿಮೆ ತಾನಾಗೇ ಹುಡುಕಿದ್ರು. ಚಾಂಪಿಯನ್‌ರೀಫ್ ಅವರೇ, ನಿಮಗೆ ಹೇಳಬೇಕು ಅಂತಲೇ ಬರೀತಿದ್ದೀನಿ: ಅದರ ಮುಂದೆ ನಿಂತು ಕೈ ಮುಗಿದ್ರು. "ಅಮ್ಮ, ಅದು ದೇವರಲ್ಲ, ಕೂಲಿಯವನು" ಅಂದೆ. "ಗೊತ್ತು, ನೀನು ಓದಿ ಹೇಳಿದ್ಯಲ್ಲ" ಅಂದ್ರು.

ಚಾಂಪಿಯನ್‌ರೀಫ್

ಓದಿದೆ. ನಮ್ಮಮ್ಮನಿಗೂ ಫೋನ್ ಮಾಡಿ ಹೇಳಿದೆ. ಥ್ಯಾಂಕ್ಸ್ ಸರ್.

ಮೊಸರನ್ನ_ಪ್ರಿಯೆ

ಮೊಸರು ಸಿಕ್ಕಿತಾ?

ಗಾಂಧಿಬಜಾರ್_ಗಿರಾಕಿ

ಸಿಕ್ಕಿತು. ಸ್ವಲ್ಪ ಹುಳಿ ಕಡಿಮೆ ಅಂತ ಅಮ್ಮನ ತೀರ್ಪು. ನಾಯಿ ಮಾತ್ರ ಬರಲಿಲ್ಲ.

ಮಲ್ನಾಡ್_ಮಳೆ

ತುಂಬಾ ಉಪಯುಕ್ತ ಚರ್ಚೆ, ಧನ್ಯವಾದ. ನಾವು ಜನವರಿಯಲ್ಲಿ, ಒಂದು ಸೋಮವಾರ ಹೋಗೋ ಪ್ಲಾನ್ ಮಾಡಿದ್ದೀವಿ. ಮುಖ್ಯವಾಗಿ ಗಣಿ ನೋಡೋಕೆ. ಏನಾದ್ರೂ ತೊಂದ್ರೆ ಇದೆಯಾ?

ಹುಬ್ಬಳ್ಳಿ_ಹೈದ

ಸೋಮವಾರ ರಜಾ. ಚಳಿಗಾಲದಾಗ ಗಣಿ ಮ್ಯೂಸಿಯಂ ಪೂರಾ ಬಂದ್. ಅದಕ್ಕ ಮೊದಲು ಪೂರ್ತಿ ಓದ್ರಿ ಅಂತ ಹೇಳೋದು ಯಪ್ಪಾ!